ಏಳನೆಯ ನಂಬರಿಗೆ ತಿರುಗಿಸಿದರೆ ವೋಲ್ಟೇಜ್ ಬರುವುದೇ?

ಓದುಗರ ಪ್ರಶ್ನೆಗೆ ಉತ್ತರ

ಕರೆಂಟಿನ ಬಗ್ಗೆ ಬರುವ ಪತ್ರಗಳನ್ನು ಸಂಪಾದಕರು ನನ್ನ ಮೇಜಿಗೇ ತಳ್ಳುತ್ತಾರೆ. 31 ವರ್ಷ ವಿದ್ಯುತ್ ವಿತರಣೆಯಲ್ಲಿ ಕಳೆದವಳು, ಅದರಲ್ಲಿ ಅರ್ಧದಷ್ಟು ಕಾಲ ಸೆಕ್ಷನ್ ಆಫೀಸಿನಲ್ಲಿ ಬೈಗುಳ ತಿಂದವಳು; ಈಗ ನಿವೃತ್ತಿಯ ಮೇಲೂ ಬಿಡುಗಡೆಯಿಲ್ಲ. ಈ ತಿಂಗಳ ಕಂತೆಯಲ್ಲಿ ಆರು ಪತ್ರಗಳು ಒಂದೇ ವಸ್ತುವಿನ ಸುತ್ತ ತಿರುಗುತ್ತಿದ್ದವು: ನಿಮ್ಮೂರಿನ ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್. ಪತ್ರ ಬರೆದವರ ಹೆಸರು ಬಿಟ್ಟಿದ್ದೇನೆ, ಊರಿನ ಕಡೆ ಮಾತ್ರ ಇಟ್ಟುಕೊಂಡಿದ್ದೇನೆ.

ಪ್ರಶ್ನೆ: ಮೇಡಂ, ನಮ್ಮದು ಚನ್ನಗಿರಿ ತಾಲ್ಲೂಕು, ಅಡಿಕೆ ತೋಟ. ಊರಬಾಗಿಲಿನ 250 ಕೆವಿಎ ಟಿಸಿಯಿಂದ ನಮ್ಮ ತೋಟಕ್ಕೆ ಸುಮಾರು 1.2 ಕಿಲೋಮೀಟರ್ ಲೈನ್ ಎಳೆದಿದ್ದಾರೆ. ತುದಿಯಲ್ಲಿ ನಾಲ್ಕು ಜನರ ಬೋರ್‌ವೆಲ್ ಪಂಪುಗಳಿವೆ, ತಲಾ ಏಳೂವರೆ ಎಚ್‌ಪಿ. ನಾಲ್ಕೂ ಓಡುವಾಗ ಸ್ಟಾರ್ಟರ್ ಡಬ್ಬಿಯ ಮೀಟರ್ 340 ತೋರಿಸುತ್ತದೆ. ಒಮ್ಮೆ ನಿಂತ ಮೋಟಾರು ಮತ್ತೆ ಎದ್ದೇಳುವುದಿಲ್ಲ. ಟಿಸಿಯ ಮೈಮೇಲೆ ಒಂದು ಹಿಡಿ ಇದೆ, ಸುತ್ತ 1ರಿಂದ 7ರವರೆಗೆ ಅಂಕಿ, ಮೇಲೊಂದು ಬೀಗ. ಪಕ್ಕದ ಊರಿನವರು ಅದನ್ನು 7ಕ್ಕೆ ತಿರುಗಿಸಿಕೊಂಡು ಆರಾಮವಾಗಿದ್ದಾರಂತೆ. ನಮ್ಮ ಲೈನ್‌ಮನ್ ಟಿಸಿಯ ಹತ್ತಿರ ಅಳೆದು "415 ಇದೆ, ನಾನು ಮುಟ್ಟುವುದಿಲ್ಲ" ಎಂದು ಹೋದ. ಒಂದು ಹಿಡಿ ತಿರುಗಿಸಲು ಇಷ್ಟು ಬಿಗುಮಾನವೇ?

ಉತ್ತರ: ನಿಮ್ಮ ಲೈನ್‌ಮನ್ ಸರಿಯಾಗಿಯೇ ಹೇಳಿದ್ದಾನೆ. ಆದರೆ ಕಾರಣ ಹೇಳದೆ ಹೋದದ್ದು ತಪ್ಪು. ಆ ಬಾಕಿಯನ್ನು ನಾನು ತೀರಿಸುತ್ತೇನೆ.

ಟಿಸಿಯ ಹೊಟ್ಟೆಯಲ್ಲಿ ಎಣ್ಣೆ, ಎಣ್ಣೆಯೊಳಗೆ ಕಬ್ಬಿಣದ ತೆಳು ತಗಡುಗಳನ್ನು ಜೋಡಿಸಿದ ಚೌಕಟ್ಟು, ಅದರ ಕಂಬಗಳಿಗೆ ಸುತ್ತಿದ ತಂತಿ. ಒಂದೊಂದು ಕಂಬಕ್ಕೂ ಎರಡು ಸುರುಳಿ: 11,000 ವೋಲ್ಟಿನ ಲೈನಿಗೆ ಸೇರುವ ತೆಳು ತಂತಿಯದು ಒಂದು, ನಿಮ್ಮ ಮನೆ ಕಡೆಗೆ ಹೋಗುವ ದಪ್ಪ ಪಟ್ಟಿಯದು ಇನ್ನೊಂದು. ಎರಡಕ್ಕೂ ನಡುವೆ ತಂತಿಯ ನಂಟಿಲ್ಲ, ಕಬ್ಬಿಣದ ನಂಟು ಮಾತ್ರ. ಇಲ್ಲಿನ ನಿಯಮ ಒಂದೇ. ಒಂದೇ ಕಂಬಕ್ಕೆ ಸುತ್ತಿದ ಪ್ರತಿ ಸುತ್ತಿಗೂ, ಅದು ಯಾವ ಸುರುಳಿಯದಾದರೂ ಸರಿ, ಸಮನಾದ ವೋಲ್ಟೇಜ್.

ಲೆಕ್ಕಕ್ಕೆ ಒಂದು ಟಿಸಿ ಇಟ್ಟುಕೊಳ್ಳೋಣ. ಮೇಲಿನ ಸುರುಳಿಗೆ, ಅಂದರೆ 11,000 ವೋಲ್ಟಿನದಕ್ಕೆ, 1,584 ಸುತ್ತು; ಕೆಳಗಿನದಕ್ಕೆ, ಅಂದರೆ ಮನೆ ಕಡೆಯದಕ್ಕೆ, 36. ಹನ್ನೊಂದು ಸಾವಿರ ವೋಲ್ಟನ್ನು 1,584 ಸುತ್ತುಗಳು ಹಂಚಿಕೊಂಡರೆ ತಲೆಗೆ 6.94 ವೋಲ್ಟ್ ಬೀಳುತ್ತದೆ. ಕೆಳಗಿನ 36 ಸುತ್ತುಗಳಿಗೂ ಅಷ್ಟಷ್ಟೇ ಸಿಕ್ಕಿ ಒಟ್ಟು 250. ಒಂದು ಫೇಸಿಗೆ 250 ಎಂದರೆ ಫೇಸಿನಿಂದ ಫೇಸಿಗೆ ಅದರ 1.73 ಪಟ್ಟು, 433. ನಾಮಫಲಕದ ಮೇಲೆ ಬರೆದಿರುವುದು ಇದೇ 433.

ಈಗ ನಿಮ್ಮ ಹಿಡಿಯ ವಿಷಯ. ಮೇಲಿನ ಸುರುಳಿಯ ಒಂದು ಭಾಗದಲ್ಲಿ ಅಲ್ಲಲ್ಲಿ ತಂತಿಯನ್ನು ಹೊರಕ್ಕೆ ಎಳೆದು ಒಂದು ಸ್ವಿಚ್ಚಿಗೆ ಕಟ್ಟಿರುತ್ತಾರೆ. ಇವೇ ಟ್ಯಾಪುಗಳು. ಹಿಡಿಯನ್ನು ಒಂದು ಮನೆ, ಅಂದರೆ ಒಂದು ಅಂಕಿ, ಮುಂದಕ್ಕೆ ಸರಿಸಿದರೆ ಸುಮಾರು 40 ಸುತ್ತುಗಳು ಆಟದಿಂದ ಹೊರಗೆ. ಉಳಿದ 1,544 ಸುತ್ತುಗಳೇ ಅದೇ ಹನ್ನೊಂದು ಸಾವಿರವನ್ನು ಹಂಚಿಕೊಳ್ಳಬೇಕು. ತಲೆಗೆ 7.12 ವೋಲ್ಟ್. ಕೆಳಗಿನ ಸುರುಳಿಯನ್ನು ಯಾರೂ ಮುಟ್ಟಿಲ್ಲ, ಅದರ 36 ಸುತ್ತು ಹಾಗೆಯೇ ಇವೆ. ಆದರೂ ಅಲ್ಲಿ 250 ಇದ್ದದ್ದು 256 ದಾಟುತ್ತದೆ. ಪಂಕ್ತಿಯಲ್ಲಿ ಕುಳಿತವರು ಕಡಿಮೆಯಾದರೆ ಪ್ರತಿ ಎಲೆಗೆ ಬೀಳುವ ಹೋಳಿಗೆ ಹೆಚ್ಚುತ್ತದಲ್ಲ, ಹಾಗೆ. ನಿಮ್ಮ ಟಿಸಿಯಂಥದರಲ್ಲಿ ಒಂದೊಂದು ಮನೆಗೆ ಶೇಕಡಾ ಎರಡೂವರೆ ಎಂದು ಇಟ್ಟಿರುತ್ತಾರೆ. ಫೇಸಿಗೆ ಆರು ವೋಲ್ಟ್, ಫೇಸಿನಿಂದ ಫೇಸಿಗೆ ಹತ್ತು ಹನ್ನೊಂದು ವೋಲ್ಟ್. ಒಂದು ತಿರುವಿನ ತಾಕತ್ತು ಇಷ್ಟೇ.

ಈಗ ನಿಮ್ಮ ಅಂಕಿಗಳಿಗೆ ಬರೋಣ. ಟಿಸಿಯಲ್ಲಿ 415, ನಿಮ್ಮಲ್ಲಿ 340. ನಡುವೆ 75 ವೋಲ್ಟ್ ಎಲ್ಲಿ ಹೋಯಿತು? ದಾರಿಯಲ್ಲಿ ಕರಗಿತು. ನಿಮ್ಮ ಕಡೆ ಇಂಥ ಲೈನುಗಳಿಗೆ ವೀಸಲ್ ಎಂಬ ಅಲ್ಯೂಮಿನಿಯಂ ತಂತಿಯನ್ನೇ ಹೆಚ್ಚಾಗಿ ಎಳೆದಿರುತ್ತಾರೆ. (ಈ ತಂತಿಗಳಿಗೆಲ್ಲ ಪ್ರಾಣಿಗಳ ಹೆಸರು, ವೀಸಲ್ ಎಂದರೆ ಮುಂಗುಸಿಯಂಥ ಒಂದು ಜಂತು, ಅದಕ್ಕಿಂತ ದಪ್ಪನೆಯದು ರ‍್ಯಾಬಿಟ್, ಮೊಲ. ಹೆಸರಿಟ್ಟ ಬ್ರಿಟಿಷರ ತಲೆಯಲ್ಲಿ ಏನಿತ್ತೋ.) ವೀಸಲ್ ತಂತಿ ಕಿಲೋಮೀಟರಿಗೆ ಸುಮಾರು 0.91 ಓಮ್ ತಡೆಯೊಡ್ಡುತ್ತದೆ. 1.2 ಕಿಲೋಮೀಟರಿಗೆ 1.1 ಓಮ್ ಹತ್ತಿರ. ನಾಲ್ಕು ಪಂಪು ಸೇರಿ 40 ಆಂಪಿಯರ್ ಎಳೆದರೆ ಫೇಸಿಗೆ 44 ವೋಲ್ಟ್, ಫೇಸಿನಿಂದ ಫೇಸಿಗೆ 75 ವೋಲ್ಟ್ ನಷ್ಟ. ಲೆಕ್ಕವನ್ನು ಸ್ವಲ್ಪ ಸರಳಗೊಳಿಸಿದ್ದೇನೆ; ಆದರೂ ನಿಮ್ಮ ಸ್ಟಾರ್ಟರ್ ಡಬ್ಬಿಯ ಮೀಟರ್ ಸುಳ್ಳು ಹೇಳುತ್ತಿಲ್ಲ ಎಂಬುದು ಗೊತ್ತಾಗುತ್ತದೆ.

340 ವೋಲ್ಟಿನಲ್ಲಿ ಮೋಟಾರು ಏಕೆ ಏಳುವುದಿಲ್ಲ? ಮೋಟಾರಿನ ತಿರುಗುಬಲ ವೋಲ್ಟೇಜಿನ ವರ್ಗದಂತೆ ಇಳಿಯುತ್ತದೆ. 415ರ ಬದಲು 340 ಎಂದರೆ ಬಲ ಮೂರನೇ ಎರಡು ಪಾಲಿಗೆ ಕುಸಿಯಿತು. ಓಡುತ್ತಿರುವ ಮೋಟಾರಿನ ಕಥೆ ಇನ್ನೊಂದು ಬಗೆ. ನೀರೆತ್ತುವ ಕೆಲಸ ಅಷ್ಟೇ ಇರುವುದರಿಂದ ವೋಲ್ಟೇಜ್ ಕಡಿಮೆಯಾದಷ್ಟೂ ಅದು ಹೆಚ್ಚು ಆಂಪಿಯರ್ ಎಳೆಯುತ್ತದೆ. ಹೆಚ್ಚು ಎಳೆದಷ್ಟೂ ಲೈನಿನಲ್ಲಿ ವೋಲ್ಟೇಜ್ ಇನ್ನಷ್ಟು ಕರಗುತ್ತದೆ. ಹುಚ್ಚು ಬಿಡುವವರೆಗೆ ಮದುವೆಯಿಲ್ಲ, ಮದುವೆಯಾಗುವವರೆಗೆ ಹುಚ್ಚು ಬಿಡುವುದಿಲ್ಲ. ಕೊನೆಗೆ ಸುಡುವುದು ಮೋಟಾರಿನ ವೈಂಡಿಂಗ್.

ಈಗ ಟ್ಯಾಪನ್ನು 3ರಿಂದ 5ಕ್ಕೆ, ಎರಡು ಮನೆ ಸರಿಸಿದೆವು ಎನ್ನಿ. ಟಿಸಿಯಲ್ಲಿ 436, ನಿಮ್ಮಲ್ಲಿ ಹೆಚ್ಚೆಂದರೆ 361. ಲೈನಿನ ನಷ್ಟ ಹಾಗೆಯೇ ಉಳಿಯಿತು. ಪಂಚಾಯಿತಿಯ ನೀರಿನ ಟ್ಯಾಂಕನ್ನು ಒಂದು ಮಾರು ಎತ್ತರಿಸಿದಿರಿ, ಪೈಪು ಮಾತ್ರ ಅದೇ ಅರ್ಧ ಇಂಚಿನದು. ಅದೇ ಹೊತ್ತಿಗೆ ಟಿಸಿಯ ಬುಡದಲ್ಲಿರುವ ಮನೆಗಳ ಗತಿ? ರಾತ್ರಿ ಹನ್ನೊಂದರ ಮೇಲೆ ಪಂಪುಗಳೆಲ್ಲ ನಿಂತು, 11 ಕೆವಿ, ಅಂದರೆ ಹನ್ನೊಂದು ಸಾವಿರ ವೋಲ್ಟಿನ, ಲೈನಿನ ಮೇಲೂ ಭಾರ ಇಳಿದು, ಬರುವ ವೋಲ್ಟೇಜ್ 11,100 ಆಯಿತು ಎಂದುಕೊಳ್ಳಿ. 5ನೇ ಟ್ಯಾಪಿನಲ್ಲಿ ಅದು ಫೇಸಿಗೆ 265 ಕೊಡುತ್ತದೆ. 1956ರ ವಿದ್ಯುಚ್ಛಕ್ತಿ ನಿಯಮಾವಳಿಯ ಕಾಲದಿಂದ ನಾವು ಕೈಯಲ್ಲಿ ಹಿಡಿದಿದ್ದ ಅಳತೆ ಎಂದರೆ 240ಕ್ಕೆ ಮೇಲೆ ಕೆಳಗೆ ಶೇಕಡಾ 6. ಅಂದರೆ 226ರಿಂದ 254. ಇನ್ನು 7ಕ್ಕೆ ತಿರುಗಿಸಿದರೆ ಅದೇ ರಾತ್ರಿ 280! ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುತ್ತಾರಲ್ಲ, ಒಂದೇ ಟಿಸಿಗೆ ಊರನ್ನೂ ತೋಟವನ್ನೂ ಕಟ್ಟಿದರೆ ಆಗುವುದು ಅದೇ.

ಇದನ್ನು ಪುಸ್ತಕ ಓದಿ ಹೇಳುತ್ತಿಲ್ಲ. ಕೆಲಸಕ್ಕೆ ಸೇರಿದ ಮೂರನೆಯ ಬೇಸಿಗೆಯಲ್ಲಿ ನಾನೇ ಮಾಡಿದ ಘನಕಾರ್ಯ ಒಂದಿದೆ. ಒಂದು ಹೋಬಳಿ ಊರು, ಅಕ್ಕಿ ಗಿರಣಿಗಳ ಪಕ್ಕದಲ್ಲೇ 250 ಕೆವಿಎ ಟಿಸಿ. ದಿನಾ ಸಂಜೆ ಜನ ಕಚೇರಿಗೆ ಬಂದು ಕೂರುತ್ತಿದ್ದರು. ಸಂಜೆ ಆರಕ್ಕೆ ಒಮ್ಮೆ ಅಳೆದೆ, 11 ಕೆವಿ ಬಹಳ ಇಳಿದಿತ್ತು. ಲೆಕ್ಕ ಹಾಕಿ 6ನೇ ಟ್ಯಾಪಿಗೆ ಹಾಕಿಸಿದೆ. ಊರವರು ಖುಷಿಯಾಗಿ ಎಳನೀರು ಕೊಟ್ಟರು. ನಾಲ್ಕನೆಯ ದಿನ ಮುಂಗಾರಿಗೆ ಮುಂಚಿನ ಒಂದು ಮಳೆ ಬಂತು. ಪಂಪುಗಳು ನಿಂತವು, ಗಿರಣಿಗಳೂ ನಿಂತವು, 11 ಕೆವಿ ಏರಿ 11,200 ಮುಟ್ಟಿತು. ಮನೆಗಳಲ್ಲಿ 275. ಆಗ ಇನ್ನೂ ಹಳೆಯ ತಂತಿ ಬಲ್ಬುಗಳ ಕಾಲ. ಒಂದೇ ರಾತ್ರಿ ಬೀದಿಯುದ್ದಕ್ಕೂ ಬಲ್ಬು, ಜೊತೆಗೆ ಎರಡು ಟಿವಿ ಹೋದವು. ಟಿಸಿಯ ಗುಂಯ್‌ಗುಡುವಿಕೆ ಗಿರಣಿಯ ಅಂಗಳದವರೆಗೆ ಕೇಳುತ್ತಿತ್ತಂತೆ; ಪ್ರತಿ ಸುತ್ತಿನ ವೋಲ್ಟೇಜ್ ಹೆಚ್ಚಾದರೆ ಕಬ್ಬಿಣದ ಮೇಲಿನ ಕಾಂತದ ಭಾರವೂ ಹೆಚ್ಚಿ ಅದು ನರಳುತ್ತದೆ. ಮರುದಿನ ಬೆಳಗ್ಗೆ ಎಳನೀರು ಕೊಟ್ಟವರೇ ಒಡೆದ ಬಲ್ಬುಗಳನ್ನು ಚೀಲದಲ್ಲಿ ತಂದು ನನ್ನ ಮೇಜಿನ ಮೇಲೆ ಸುರಿದರು. ಅಳೆಯಬೇಕಾದದ್ದು ಸಂಜೆ ಆರಕ್ಕೆ ಮಾತ್ರವಲ್ಲ, ರಾತ್ರಿ ಎರಡಕ್ಕೂ ಎಂದು ನನಗೆ ಕಲಿಸಿದ್ದು ಆ ಚೀಲ.

ಹಾಗಾದರೆ ಟ್ಯಾಪ್ ಇರುವುದು ಏಕೆ? ಟಿಸಿಗೆ ಬರುವ 11 ಕೆವಿಯೇ ದಿನವಿಡೀ ಕಡಿಮೆಯಿದ್ದರೆ ಅದು ಬೇಕು. ನಿಮ್ಮೂರು ಫೀಡರಿನ, ಅಂದರೆ ಸ್ಟೇಷನ್ನಿನಿಂದ ಹೊರಟ 11 ಕೆವಿ ಲೈನಿನ, ಕೊನೆಯಲ್ಲಿದೆ, ಹಗಲು ರಾತ್ರಿ ಎನ್ನದೆ 10,450ರ ಆಸುಪಾಸಿನಲ್ಲೇ ಬರುತ್ತಿದೆ ಎಂದುಕೊಳ್ಳಿ. 3ನೇ ಟ್ಯಾಪಿನಲ್ಲಿ ಖಾಲಿ ಟಿಸಿ ಕೊಡುವುದು 411. 5ಕ್ಕೆ ಹಾಕಿದರೆ ಮತ್ತೆ 433. ಆಗ ಟ್ಯಾಪ್ ಬದಲಿಸುವುದು ಸರಿಯಾದ ಮದ್ದು, ಪುಕ್ಕಟೆಯ ಮದ್ದು ಕೂಡ. ನಿಮ್ಮ ರೋಗ ಅದಲ್ಲ. ಭಾರ ಹೊತ್ತಾಗಲೂ ನಿಮ್ಮ ಟಿಸಿ 415 ಕೊಡುತ್ತಿದೆ.

ನಿಮಗೆ ಬೇಕಾದದ್ದು ಟಿಸಿ ನಿಮ್ಮ ತೋಟದ ಹತ್ತಿರಕ್ಕೆ ಬರುವುದು. 11 ಕೆವಿ ಲೈನನ್ನೇ ಅಲ್ಲಿಯವರೆಗೆ ಎಳೆದು, ನಾಲ್ಕು ಪಂಪುಗಳ ನಡುವೆ 63 ಕೆವಿಎ ಟಿಸಿ ಕೂರಿಸಿದರೆ, ಪೂರ್ಣ ಭಾರದಲ್ಲೂ ಆ ದಾರಿಯಲ್ಲಿ ಹರಿಯುವುದು ಮೂರೂಕಾಲು ಆಂಪಿಯರ್ ಮಾತ್ರ. ನಷ್ಟ ಎಣಿಕೆಗೇ ಬರುವುದಿಲ್ಲ. ಅದಕ್ಕೆ ಮಂಜೂರಾತಿ, ಅಂದಾಜುಪಟ್ಟಿ ಎಂದು ಓಡಾಟವಿದೆ, ಗೊತ್ತು. ಅಲ್ಲಿಯವರೆಗೆ ವೀಸಲ್ ತೆಗೆದು ರ‍್ಯಾಬಿಟ್ ತಂತಿ ಹಾಕಿಸಲು ಕೇಳಿ. 75 ವೋಲ್ಟಿನ ನಷ್ಟ 45ಕ್ಕೆ ಇಳಿಯುತ್ತದೆ. ಇವೆರಡಕ್ಕೂ ಮೊದಲು, ನಾಳೆಯೇ ಮಾಡಬಹುದಾದದ್ದು ಒಂದಿದೆ. ನಿಮ್ಮ ನಾಲ್ವರ ಸ್ಟಾರ್ಟರುಗಳಲ್ಲಿ ಕೆಪಾಸಿಟರ್ ಇದೆಯೇ, ಇದ್ದರೆ ಜೀವಂತವಾಗಿದೆಯೇ ನೋಡಿಸಿ. ಏಳೂವರೆ ಎಚ್‌ಪಿಗೆ ಸಾಮಾನ್ಯವಾಗಿ 3 ಕೆವಿಎಆರ್ (ಇದು ಕೆಪಾಸಿಟರಿನ ಅಳತೆ) ಹಾಕುತ್ತಾರೆ. ನಾನು ಕಂಡ ತೋಟಗಳಲ್ಲಿ ಕೆಪಾಸಿಟರ್ ಎಂಬುದು ಸಂಪರ್ಕ ಪಡೆಯುವ ದಿನ ತೋರಿಸಿ ಆಮೇಲೆ ಬಿಚ್ಚಿಡುವ ಒಡವೆ. ನಾಲ್ವರೂ ಹಾಕಿದರೆ ಲೈನಿನ ಆಂಪಿಯರ್ ಇಳಿಯುತ್ತದೆ, ಅಷ್ಟು ವೋಲ್ಟೇಜ್ ನಿಮಗೇ ಉಳಿಯುತ್ತದೆ. ಜೊತೆಗೆ, ನಾಲ್ಕನ್ನೂ ಒಟ್ಟಿಗೆ ಓಡಿಸದೆ ಇಬ್ಬಿಬ್ಬರು ಸರದಿ ಹಾಕಿಕೊಳ್ಳಿ ಎಂದರೆ ನೀವು ನಗುತ್ತೀರಿ. ಅಡಿಕೆ ತೋಟದ ನೆರೆಹೊರೆಯ ರಾಜಕೀಯ ನನಗೂ ಗೊತ್ತು.

ಪ್ರಶ್ನೆ: ನಾನು ಹುಬ್ಬಳ್ಳಿಯಲ್ಲಿ ಎಲೆಕ್ಟ್ರಿಕಲ್ ಡಿಪ್ಲೊಮಾ ಓದುತ್ತಿದ್ದೇನೆ. ನಾಮಫಲಕದ ಮೇಲೆ ಟ್ಯಾಪ್ 1ಕ್ಕೆ 11,550, 7ಕ್ಕೆ 9,900 ಎಂದಿದೆ. 1 ಜಾಸ್ತಿ, 7 ಕಡಿಮೆ ಎಂದಲ್ಲವೇ? ಟ್ಯಾಪನ್ನು ಮನೆ ಕಡೆಯ ಸುರುಳಿಯಲ್ಲೇ ಇಟ್ಟಿದ್ದರೆ ಈ ಗೊಂದಲ ಇರುತ್ತಿರಲಿಲ್ಲವಲ್ಲ, ಮೇಡಂ?

ಉತ್ತರ: ಈ ಗೊಂದಲ ಡಿಪ್ಲೊಮಾದವರಿಗೆ ಮಾತ್ರ ಎಂದುಕೊಳ್ಳಬೇಡ. ಹೊಸದಾಗಿ ಬಂದ ಎಂಜಿನಿಯರುಗಳು "+5" ಎಂದು ಓದಿ, ವೋಲ್ಟೇಜ್ ಶೇಕಡಾ ಐದು ಏರುತ್ತದೆಂದು 1ಕ್ಕೆ ಹಾಕಿಸಿ, ಊರನ್ನೇ ಮಂಕಾಗಿಸಿದ್ದನ್ನು ನೋಡಿದ್ದೇನೆ. ಫಲಕದ ಮೇಲಿನ ಅಂಕಿ ಟಿಸಿ ಕೊಡುವ ವೋಲ್ಟೇಜ್ ಅಲ್ಲ; ಟಿಸಿಗೆ ಎಷ್ಟು ಬಂದರೆ ಅದು 433 ಕೊಡುತ್ತದೆ ಎಂಬುದು. 11,550, 11,275, 11,000, 10,725, 10,450, 10,175, 9,900 ಎಂದು ಏಳು ಮೆಟ್ಟಿಲು. ಬರುವ ವೋಲ್ಟೇಜ್ ಅಳೆ, ಅದಕ್ಕೆ ಹತ್ತಿರದ ಅಂಕಿ ಹುಡುಕು, ಅಲ್ಲಿಗೆ ಹಾಕು. 1ರಲ್ಲಿ ಸುತ್ತು ಅತಿ ಹೆಚ್ಚು, ಆದ್ದರಿಂದ ಹೊರಬರುವುದು ಅತಿ ಕಡಿಮೆ. 7ರಲ್ಲಿ ಇದರ ತಿರುವುಮುರುವು. ಆದರೂ ಪ್ರತಿ ಟಿಸಿಯ ಫಲಕವನ್ನು ಓದಿಯೇ ಮುಂದುವರಿ. ಎಲ್ಲ ಟಿಸಿಗಳಿಗೂ ಏಳು ಮೆಟ್ಟಿಲು ಇರಬೇಕೆಂದಿಲ್ಲ. 25, 63, 100 ಕೆವಿಎಯ ಚಿಕ್ಕ ಟಿಸಿಗಳಲ್ಲಿ ಸಾಮಾನ್ಯವಾಗಿ ಟ್ಯಾಪೇ ಇರುವುದಿಲ್ಲ. ಇಲ್ಲದ ಹಿಡಿಯನ್ನು ತಿರುಗಿಸಲಿಲ್ಲ ಎಂದು ಲೈನ್‌ಮನ್ನರು ಬೈಸಿಕೊಳ್ಳುವುದುಂಟು.

ಇನ್ನು ಮೇಲಿನ ಸುರುಳಿಯಲ್ಲೇ ಏಕೆ? 250 ಕೆವಿಎ ಟಿಸಿಯ ಮನೆ ಕಡೆ ಪೂರ್ಣ ಭಾರದಲ್ಲಿ 333 ಆಂಪಿಯರ್ ಹರಿಯುತ್ತದೆ. ಅಷ್ಟನ್ನು ಹೊರುವ ಸ್ವಿಚ್ಚಿನ ಮುಖಗಳು ಮುಷ್ಟಿ ಗಾತ್ರ ಇರಬೇಕಾಗುತ್ತಿತ್ತು. 11 ಕೆವಿ ಕಡೆಯ ಲೈನಿನಲ್ಲಿ 13 ಆಂಪಿಯರ್. ಮೂರು ಸುರುಳಿಗಳನ್ನು ಡೆಲ್ಟಾ, ಅಂದರೆ ತ್ರಿಕೋನದಂತೆ, ಜೋಡಿಸಿರುವುದರಿಂದ ಸುತ್ತಿನೊಳಗೆ, ಅಂದರೆ ಸ್ವಿಚ್ಚಿನ ಮೂಲಕ, ಏಳೂವರೆ ಮಾತ್ರ. ಇನ್ನೊಂದು ಕಾರಣ ನನಗೆ ಹೆಚ್ಚು ಇಷ್ಟ. ಮನೆ ಕಡೆ ಇರುವುದು 36 ಸುತ್ತು, ಒಂದೊಂದಕ್ಕೆ ಏಳು ವೋಲ್ಟ್. ಸುತ್ತನ್ನು ಅರ್ಧಕ್ಕೆ ಕತ್ತರಿಸಲಾಗದು, ಆದ್ದರಿಂದ ಏಳೇಳು ವೋಲ್ಟಿನ ನೆಗೆತವೇ ಗತಿ. ಮೇಲಿನ ಸುರುಳಿಯಲ್ಲಿ ಸಾವಿರದೈನೂರಕ್ಕೂ ಹೆಚ್ಚು ಸುತ್ತುಗಳಿವೆ. 39 ಬೇಕೋ 40 ಬೇಕೋ, ಎಣಿಸಿ ಹೊರಗೆಳೆಯಬಹುದು. ಅಲ್ಲದೆ ಕೆಳ ಸುರುಳಿ ಕಬ್ಬಿಣಕ್ಕೆ ಅಂಟಿಕೊಂಡಂತೆ ಒಳಗಿರುತ್ತದೆ, ಮೇಲಿನದು ಅದರ ಹೊರಗೆ. ಕೈಗೆ ಸಿಗುವ ಕಡೆಯೇ ತಂತಿ ಎಳೆಯುವುದು ಸುಲಭ.

ಪ್ರಶ್ನೆ: ನಮ್ಮ ಫ್ರಿಜ್ಜಿನ ಸ್ಟೆಬಿಲೈಜರ್ ಟಕ್ ಎಂದು ತಾನೇ ವೋಲ್ಟೇಜ್ ಸರಿಪಡಿಸಿಕೊಳ್ಳುತ್ತದೆ. ಇನ್ನೂರು ಮನೆಗೆ ಕರೆಂಟು ಕೊಡುವ ಟಿಸಿಗೆ ಅಷ್ಟೂ ಬುದ್ಧಿ ಇಲ್ಲವೇ? (ಮಂಡ್ಯದ ನಿವೃತ್ತ ಶಿಕ್ಷಕರು)

ಉತ್ತರ: ಮೇಷ್ಟ್ರೇ, ಆ ಟಕ್ ಶಬ್ದವೇ ಟ್ಯಾಪ್ ಬದಲಾಗುವ ಶಬ್ದ. ಸ್ಟೆಬಿಲೈಜರಿನೊಳಗೂ ಟ್ಯಾಪುಗಳಿರುವ ಒಂದು ಪುಟ್ಟ ಟ್ರಾನ್ಸ್‌ಫಾರ್ಮರ್ ಇದೆ. ರಿಲೇಗಳು ಒಂದು ಟ್ಯಾಪಿನಿಂದ ಇನ್ನೊಂದಕ್ಕೆ ಜಿಗಿಯುತ್ತವೆ. ಜಿಗಿಯುವ ಗಳಿಗೆಯಲ್ಲಿ ಕರೆಂಟು ಕ್ಷಣಮಾತ್ರ ತುಂಡಾದರೂ ಫ್ರಿಜ್ಜಿಗೆ ಗೊತ್ತಾಗುವುದಿಲ್ಲ.

ಟಿಸಿಯಲ್ಲಿ ಇದನ್ನೇ ಓಡುತ್ತಿರುವಾಗ ಮಾಡಿದರೆ ಎರಡು ಅಪಾಯ. ಹಿಡಿ ಒಂದು ಮುಖವನ್ನು ಬಿಟ್ಟು ಇನ್ನೊಂದನ್ನು ಮುಟ್ಟುವ ನಡುವೆ ಹರಿವು ತುಂಡಾದರೆ ಎಣ್ಣೆಯೊಳಗೆ ಕಿಡಿಯ ಕಮಾನು ಹೊತ್ತುತ್ತದೆ, ಎಣ್ಣೆ ಅನಿಲವಾಗಿ ತೊಟ್ಟಿ ಉಬ್ಬುತ್ತದೆ. ತುಂಡಾಗದಿರಲೆಂದು ಎರಡೂ ಮುಖಗಳನ್ನು ಒಟ್ಟಿಗೆ ಮುಟ್ಟಿಸಿದರೆ, ನಡುವಿನ ನಲವತ್ತು ಸುತ್ತುಗಳ 280 ವೋಲ್ಟ್ ಅಲ್ಲೇ ಶಾರ್ಟ್ ಆಗುತ್ತದೆ. ಮುಂದೆ ಹೋದರೆ ಹುಲಿ, ಹಿಂದೆ ಬಂದರೆ ಹೊಂಡ.

ಇದಕ್ಕೆ ಪರಿಹಾರ ಹುಡುಕಿದವರು ಜರ್ಮನಿಯ ಬರ್ನ್‌ಹಾರ್ಡ್ ಯಾನ್ಸೆನ್. 1927ರಲ್ಲಿ ಅವರು ಪೇಟೆಂಟ್ ಪಡೆದ ಉಪಾಯ ಸರಳವಾದದ್ದು: ಎರಡೂ ಮುಖಗಳನ್ನು ಒಟ್ಟಿಗೆ ಮುಟ್ಟಿಸು, ಆದರೆ ನಡುವೆ ರೆಸಿಸ್ಟರುಗಳನ್ನು ಇಟ್ಟು ಶಾರ್ಟಿನ ಹರಿವನ್ನು ಹಿಡಿತದಲ್ಲಿಡು, ಬಿಗಿದ ಸ್ಪ್ರಿಂಗಿನಿಂದ ಕಣ್ಣು ಮಿಟುಕಿಸುವುದರೊಳಗೆ ಕೆಲಸ ಮುಗಿಸು. ರೆಸಿಸ್ಟರ್ ಬಿಸಿಯಾಗಲು ಸಮಯವೇ ಸಿಗಬಾರದು. ನಮ್ಮ 66/11 ಕೆವಿ ಸಬ್‌ಸ್ಟೇಷನ್ನುಗಳ ದೊಡ್ಡ ಟ್ರಾನ್ಸ್‌ಫಾರ್ಮರುಗಳ ಪಕ್ಕದಲ್ಲಿ ಒಂದು ಬೇರೆ ಪೆಟ್ಟಿಗೆ ಕಾಣುತ್ತದಲ್ಲ, ಅದರೊಳಗಿರುವುದು ಈ ಕುಲದ ಯಂತ್ರವೇ. ಹದಿನೇಳು ಮೆಟ್ಟಿಲು, ಒಂದೊಂದಕ್ಕೆ ಶೇಕಡಾ ಒಂದೂಕಾಲು ಇರುವುದು ಸಾಮಾನ್ಯ. ಸಂಜೆ ಆರೂವರೆಗೆ ಸ್ಟೇಷನ್ನಿನಲ್ಲಿ ಕುಳಿತಿದ್ದರೆ ಅದು ಕಟಕಟ ಎಂದು ಒಂದೊಂದೇ ಮೆಟ್ಟಿಲು ಏರುವುದು ಕೇಳುತ್ತದೆ. ಊರಲ್ಲಿ ದೀಪ ಹತ್ತಿತು ಎಂದು ಗಡಿಯಾರ ನೋಡದೆ ಹೇಳಬಹುದು. ಅಂದರೆ ಬುದ್ಧಿಯನ್ನು ಸ್ಟೇಷನ್ನಿನಲ್ಲಿ ಇಟ್ಟು ಟಿಸಿಯನ್ನು ಮೊದ್ದಾಗಿ ಬಿಟ್ಟಿದ್ದಾರೆ. ಖರ್ಚು, ನಿಗಾ ಎರಡೂ ಕಾರಣ. ಬೀದಿಗೊಂದು ಟಿಸಿ, ಪ್ರತಿಯೊಂದಕ್ಕೂ ಓಡಾಡುವ ಯಂತ್ರ ಇಟ್ಟರೆ ನೋಡಿಕೊಳ್ಳುವವರು ಯಾರು? ಮನೆ ಮೇಲಿನ ಸೌರಫಲಕಗಳು ಹೆಚ್ಚಿದ ಮೇಲೆ ಜರ್ಮನಿಯಲ್ಲಿ ಬೀದಿಯ ಟಿಸಿಗಳಿಗೂ ಇಂಥವು ಬಂದಿವೆ.

ಪ್ರಶ್ನೆ: ಸೌರಫಲಕದ ಮಾತು ಬಂದರೆ ನನ್ನದೂ ಒಂದು ದೂರು. ಮೈಸೂರಿನ ಬಡಾವಣೆಯೊಂದರಲ್ಲಿ ನಮ್ಮ ಮನೆ, ಚಾವಣಿಯ ಮೇಲೆ 5 ಕಿಲೋವ್ಯಾಟ್ ಫಲಕ. ಮಧ್ಯಾಹ್ನ ಹನ್ನೆರಡರಿಂದ ಎರಡರವರೆಗೆ ವೋಲ್ಟೇಜ್ 262 ಆಗಿ ಇನ್ವರ್ಟರ್ ನಿಂತುಬಿಡುತ್ತದೆ, ಸಂಜೆ 228. ಟಿಸಿಯ ಟ್ಯಾಪ್ ಇಳಿಸಲು ಅರ್ಜಿ ಕೊಡಲೇ?

ಉತ್ತರ: ಅಮ್ಮಾ, ಮೊದಲ ಪತ್ರದವರು ಏರಿಸಿ ಎಂದರು, ನೀವು ಇಳಿಸಿ ಎನ್ನುತ್ತೀರಿ, ನನ್ನ ಕಾಲದಲ್ಲಿ ಯಾರೂ ವೋಲ್ಟೇಜ್ ಹೆಚ್ಚಾಯಿತೆಂದು ಹಗಲಿನಲ್ಲಿ ದೂರು ಕೊಟ್ಟದ್ದು ನೆನಪಿಲ್ಲ. ಚನ್ನಗಿರಿಯವರಿಗೆ ಹಾಕಿದ ಲೆಕ್ಕವನ್ನೇ ಹಿಂದುಮುಂದಾಗಿ ಹಾಕಿ. ಅವರ ಕಡೆ ಹರಿವು ಟಿಸಿಯಿಂದ ತುದಿಗೆ, ಆದ್ದರಿಂದ ತುದಿಯಲ್ಲಿ ವೋಲ್ಟೇಜ್ ತಗ್ಗು. ನಿಮ್ಮ ಮನೆಯಿಂದ ಮಧ್ಯಾಹ್ನ 20 ಆಂಪಿಯರ್ ಟಿಸಿಯ ಕಡೆಗೆ ಹರಿಯುತ್ತದೆ, ಆದ್ದರಿಂದ ನಿಮ್ಮ ತುದಿಯೇ ಎತ್ತರ. ನೀವು ಸಿಂಗಲ್ ಫೇಸ್ ಆಗಿದ್ದರೆ ಫೇಸ್ ತಂತಿಯಲ್ಲೂ ಕರೆಂಟು ಮರಳುವ ನ್ಯೂಟ್ರಲ್ ತಂತಿಯಲ್ಲೂ ಎರಡು ಸಲ ಏರಿಕೆ.

ಟ್ಯಾಪ್ ಒಂದು ಮೆಟ್ಟಿಲು ಇಳಿಸಿದರೆ 262 ಇದ್ದದ್ದು 255 ಆಗುತ್ತದೆ, ಸರಿ. ಸಂಜೆಯ 228? ಅದು 222ಕ್ಕೆ ಇಳಿದು 226ರ ಗೆರೆಗಿಂತ ಕೆಳಗೆ ಹೋಗುತ್ತದೆ, ಆಗ ನಿಮ್ಮ ಎದುರುಮನೆಯವರು ನನಗೆ ಪತ್ರ ಬರೆಯುತ್ತಾರೆ. ದಿನಕ್ಕೆರಡು ಬಾರಿ ತಿರುಗಿಸುವ ವಸ್ತು ಅದಲ್ಲ, ಹೆಚ್ಚೆಂದರೆ ಬೇಸಿಗೆಗೊಮ್ಮೆ ಮಳೆಗಾಲಕ್ಕೊಮ್ಮೆ. ನಿಮ್ಮ ಬೀದಿಯ ಫಲಕಗಳೆಲ್ಲ ಒಂದೇ ಫೇಸಿಗೆ ಸೇರಿವೆಯೇ ಎಂದು ಮೊದಲು ನೋಡಿಸಿ. ಹಾಗಿದ್ದರೆ ಕೆಲವನ್ನು ಬೇರೆ ಫೇಸಿಗೆ ಬದಲಿಸುವುದು ಅರ್ಧ ದಿನದ ಕೆಲಸ. ಮೀಟರಿನಿಂದ ಇನ್ವರ್ಟರಿಗೆ ಎಳೆದ ವೈರು ಸಣ್ಣದಾಗಿದ್ದರೂ ನಿಮ್ಮ ಮನೆಯೊಳಗೇ ಮೂರು ನಾಲ್ಕು ವೋಲ್ಟ್ ಏರಿರುತ್ತದೆ. ಮೀಟರಿನ ಬಳಿಯೂ ಇನ್ವರ್ಟರಿನ ಬಳಿಯೂ ಒಂದೇ ಹೊತ್ತಿನಲ್ಲಿ ಅಳೆಸಿದರೆ ತಿಳಿಯುತ್ತದೆ. ಇವೆಲ್ಲ ಸರಿಯಿದ್ದೂ ನಿಂತರೆ ತ್ರೀ ಫೇಸ್ ಇನ್ವರ್ಟರಿನ ಯೋಚನೆ ಮಾಡಿ. ಬಟ್ಟೆ ಒಗೆಯುವ ಯಂತ್ರ, ನೀರಿನ ಮೋಟಾರು, ರುಬ್ಬುವುದು ಎಲ್ಲವನ್ನೂ ಮಧ್ಯಾಹ್ನಕ್ಕೆ ತಂದುಕೊಂಡರೂ ಏರಿಕೆ ತಗ್ಗುತ್ತದೆ.

ಪ್ರಶ್ನೆ: ಕರೆಂಟು ಹೋದಾಗ ನಾವೇ ಬೀಗ ತೆಗೆದು ತಿರುಗಿಸಬಹುದೇ? ಆಗ ಅಪಾಯ ಇರುವುದಿಲ್ಲವಲ್ಲ. (ಹೆಸರು, ಊರು ಎರಡನ್ನೂ ಬರೆದಿಲ್ಲ, ಬರೆಯದಿದ್ದದ್ದೇ ಒಳ್ಳೆಯದಾಯಿತು)

ಉತ್ತರ: ಇಲ್ಲ. ಕರೆಂಟು ಹೋಗಿರುವುದು ಬೇರೆ, ಟಿಸಿ ಸತ್ತಿರುವುದು ಬೇರೆ. ಹೋದದ್ದು ಹೇಳದೆ ಬರುತ್ತದೆ. ನಮ್ಮವರು ಇದನ್ನು ಮಾಡುವ ರೀತಿ ಕೇಳಿ. ಮೊದಲು ಸ್ಟೇಷನ್ನಿನಿಂದ ಎಲ್‌ಸಿ, ಅಂದರೆ ಲೈನ್ ಕ್ಲಿಯರ್, ಲೈನ್ ನಿಲ್ಲಿಸಿದ್ದೇವೆ ಎಂಬ ಒಪ್ಪಿಗೆ. ಆಮೇಲೆ ಟಿಸಿಯ ಜಿಒಎಸ್ ಸ್ವಿಚ್ (ಮೂರೂ ಫೇಸನ್ನು ಒಟ್ಟಿಗೆ ಬಿಡಿಸುವ ಸ್ವಿಚ್) ತೆರೆದು ಅದಕ್ಕೆ ಬೀಗ. ಮನೆ ಕಡೆಯ ಫ್ಯೂಸುಗಳನ್ನೂ ಕಿತ್ತಿಡಬೇಕು, ಏಕೆಂದರೆ ಯಾರೋ ಮದುವೆ ಮನೆಯ ಜನರೇಟರನ್ನು ಅಡ್ಡಾದಿಡ್ಡಿ ಕಟ್ಟಿಕೊಂಡಿದ್ದರೆ ಅದರ 230 ವೋಲ್ಟ್ ಟಿಸಿಯೊಳಗೆ ಹಿಂದಕ್ಕೆ ಹೋಗಿ ಮೇಲೆ ಹನ್ನೊಂದು ಸಾವಿರದ ಹತ್ತಿರ ಬರುತ್ತದೆ. ಸುತ್ತುಗಳಿಗೆ ಮುಖ ಯಾವುದು ಬೆನ್ನು ಯಾವುದು ಎಂದು ಗೊತ್ತಿಲ್ಲ. ಎರಡೂ ಕಡೆ ಪರೀಕ್ಷಿಸಿ, ಎರಡೂ ಕಡೆ ಅರ್ಥ್ ಕೊಟ್ಟ ಮೇಲೆಯೇ ಹಿಡಿಗೆ ಕೈ.

ತಿರುಗಿಸುವುದರಲ್ಲೂ ಹದವಿದೆ. ವರ್ಷಗಟ್ಟಲೆ ಒಂದೇ ಕಡೆ ಕುಳಿತ ಸ್ವಿಚ್ಚಿನ ಮುಖಗಳ ಮೇಲೆ ಎಣ್ಣೆಯ ಕಿಲುಬು ಕಟ್ಟಿರುತ್ತದೆ. ಆದ್ದರಿಂದ ಆ ತುದಿಯಿಂದ ಈ ತುದಿಗೆ ನಾಲ್ಕಾರು ಬಾರಿ ಓಡಿಸಿ, ಮುಖ ಉಜ್ಜಿಸಿ, ಬೇಕಾದ ಅಂಕಿಯಲ್ಲಿ ಕಟ್ಟನೆ ಕೂತದ್ದು ಕೈಗೆ ತಿಳಿಯುವವರೆಗೆ ಬಿಡಬಾರದು. ಒಮ್ಮೆ ಒಂದು ಕಡೆ ಹಿಡಿ 4ಕ್ಕೂ 5ಕ್ಕೂ ನಡುವೆ ನಿಂತದ್ದನ್ನು ಗಮನಿಸದೆ ಚಾರ್ಜ್ ಮಾಡಿದರು, ಅಂದರೆ ಕರೆಂಟು ಕೊಟ್ಟರು. ಅನ್ನ ಕುದಿಯುವಂಥ ಶಬ್ದ ಕೇಳಿತು, ಹಾರ್ನ್‌ಗ್ಯಾಪ್ ಫ್ಯೂಸ್ ಹಾರಿತು, ಟಿಸಿ ಲಾರಿ ಹತ್ತಿತು. ಅಂದಿನಿಂದ ನಾನು ಚಾರ್ಜ್ ಮಾಡುವ ಮೊದಲು ಮೂರೂ ಫೇಸುಗಳ ಸುರುಳಿಗಳ ತಡೆಯನ್ನು ಮೀಟರಿನಲ್ಲಿ ಹೋಲಿಸಿ ನೋಡದೆ ಸಹಿ ಹಾಕುತ್ತಿರಲಿಲ್ಲ. ಚಾರ್ಜ್ ಆದ ಮೇಲೂ ಮೊದಲು ಖಾಲಿ ಟಿಸಿಯ ಮೂರೂ ಫೇಸ್ ಅಳೆದು, ಸಮನಾಗಿದ್ದರೆ ಮಾತ್ರ ಊರಿಗೆ ಫ್ಯೂಸ್.

ಪ್ರಶ್ನೆ: ನಮ್ಮ ಓಣಿಯಲ್ಲಿ ನಾಲ್ಕು ಮನೆಗಳಲ್ಲಿ ದೀಪ ಕಣ್ಣು ಕುಕ್ಕುತ್ತದೆ, ಐದು ಮನೆಗಳಲ್ಲಿ ಮಿಣುಕು. ಗಾಳಿ ಬೀಸಿದಾಗ ಅದಲುಬದಲಾಗುತ್ತದೆ. ಟ್ಯಾಪ್ ಬದಲಿಸಬೇಕೇ? (ಗದಗ)

ಉತ್ತರ: ಈ ಪತ್ರ ನನ್ನ ಕೈಸೇರಲು ಒಂಬತ್ತು ದಿನ ಹಿಡಿದಿದೆ, ಅಷ್ಟರಲ್ಲಿ ನಿಮ್ಮ ಟಿವಿ ಉಳಿದಿದ್ದರೆ ಪುಣ್ಯ. ಟ್ಯಾಪಿನ ದೋಷವಾದರೆ ಎಲ್ಲ ಮನೆಗಳೂ ಒಟ್ಟಿಗೆ ಏರುತ್ತವೆ, ಒಟ್ಟಿಗೆ ಇಳಿಯುತ್ತವೆ. ಒಬ್ಬರದು ಏರಿ ಇನ್ನೊಬ್ಬರದು ಇಳಿದರೆ ಅದು ನ್ಯೂಟ್ರಲ್ ಸಡಿಲವಾಗಿರುವ ಲಕ್ಷಣ. ನ್ಯೂಟ್ರಲ್ ಕೈಬಿಟ್ಟರೆ ಎರಡು ಫೇಸುಗಳ ನಡುವಿನ 400ಕ್ಕೂ ಹೆಚ್ಚು ವೋಲ್ಟನ್ನು ಎರಡು ಮನೆಗಳು ತಮ್ಮೊಳಗೇ ಹಂಚಿಕೊಳ್ಳುತ್ತವೆ. ಕಡಿಮೆ ದೀಪ ಉರಿಸುವ ಮನೆಗೆ ಹೆಚ್ಚಿನ ಪಾಲು, 300ರ ಮೇಲೂ ಹೋಗಬಹುದು. ಕಣ್ಣು ಕುಕ್ಕುವ ಮನೆಯವರು ಮೊದಲು ಮೇನ್ ಸ್ವಿಚ್ ಆಫ್ ಮಾಡಿ. ಆಮೇಲೆ 1912ಕ್ಕೆ ಕರೆ ಮಾಡಿ "ನ್ಯೂಟ್ರಲ್ ಹೋಗಿದೆ" ಎಂದೇ ಹೇಳಿ; "ವೋಲ್ಟೇಜ್ ಸರಿಯಿಲ್ಲ" ಎಂದರೆ ನಾಳೆ ಬರುತ್ತಾರೆ, ಹೀಗೆಂದರೆ ಈಗಲೇ ಬರುತ್ತಾರೆ.